ಸಿಲೋನ್ ಕಾಲನಿಯವರು ನಿರಾಶ್ರಿತರಲ್ಲ

ಪ್ರತಿ ವರ್ಷ ಜನವರಿ ಬಂತೆಂದರೆ ನನ್ನ ಮೇಜಿನ ಮೇಲೆ ಪ್ರಶ್ನಾವಳಿಗಳ ರಾಶಿ ಬೀಳುತ್ತದೆ. ಎಂ.ಎ. ಮಕ್ಕಳು ಕಿರುಪ್ರಬಂಧ ಬರೆಯುವ ಕಾಲ ಅದು. ವಲಸೆಯ ಮೇಲೆ ಕೆಲಸ ಮಾಡುವವಳು ಎಂದು ಗೊತ್ತಾದ ಮೇಲೆ "ಮೇಡಂ, ಒಮ್ಮೆ ನೋಡಿಕೊಡಿ" ಎಂದು ಎಲ್ಲರೂ ನನ್ನ ಕಡೆಗೇ ದಾಟಿಸುತ್ತಾರೆ. ನೋಡಿಕೊಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಶೀರ್ಷಿಕೆ ಒಂದೇ: "ಸುಳ್ಯ ತಾಲೂಕಿನ ಶ್ರೀಲಂಕಾ ನಿರಾಶ್ರಿತರ ಸ್ಥಿತಿಗತಿ." ಕೆಂಪು ಪೆನ್ನು ತೆಗೆದು "ನಿರಾಶ್ರಿತರ" ಎಂಬ ಪದಕ್ಕೆ ಗೀಟು ಎಳೆಯುತ್ತೇನೆ. ಮರುವರ್ಷ ಮತ್ತೆ ಅದೇ ಶೀರ್ಷಿಕೆ, ಅದೇ ಗೀಟು.

ಮಕ್ಕಳನ್ನಷ್ಟೇ ಬೈದರೆ ಅನ್ಯಾಯ. ಪತ್ರಿಕೆಯವರೂ ಹಾಗೇ ಬರೆಯುತ್ತಾರೆ, ಚುನಾವಣೆಯ ಹೊತ್ತಿಗೆ ಮೈಕ್ ಹಿಡಿದವರೂ ಹಾಗೇ ಮಾತಾಡುತ್ತಾರೆ. ಆದ್ದರಿಂದ ಈ ಸಲ ಒಂದೇ ವಿಷಯ ಹೇಳುತ್ತೇನೆ, ಬೇಸರವಾಗುವಷ್ಟು ಸಲ ಹೇಳುತ್ತೇನೆ.

ಜೀವಭಯದಿಂದ ತನ್ನ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಓಡಿ ಬಂದವನು ನಿರಾಶ್ರಿತ. ಬಂದ ದೇಶದಲ್ಲಿ ಅವನು ಪ್ರಜೆಯಲ್ಲ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ ಸಿಲೋನ್ (ಇಂದಿನ ಶ್ರೀಲಂಕಾ) ತಮಿಳರ ಕಥೆ ಅದಲ್ಲ. ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ, ಭಾರತದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಹಡಗು ಹತ್ತಿ ಬಂದವರು ಅವರು. ರಾಮೇಶ್ವರದಲ್ಲಿ ಇಳಿಯುವಾಗಲೇ ಭಾರತದ ಪ್ರಜೆಗಳು. ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದೇ ಇಲ್ಲಿ. ನಾನು, ನೀವು ಎಷ್ಟು ಪ್ರಜೆಗಳೋ ಅವರೂ ಅಷ್ಟೇ. ಒಂದು ಗುಂಜಿಯಷ್ಟೂ ಕಡಿಮೆ ಅಲ್ಲ.

ಹಾಗಾದರೆ ಬಂದದ್ದು ಯಾಕೆ? ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಕಾಫಿ ಹಾಕಿದರು. ಎಲೆರೋಗ ಬಂದು ಕಾಫಿ ನಾಶವಾದ ಮೇಲೆ ಟೀ ಹಾಕಿದರು. ಕೂಲಿಗೆ ಬೇಕಾದ ಜನರನ್ನು ತಮಿಳು ಜಿಲ್ಲೆಗಳಿಂದ ಕಂಗಾಣಿಗಳು, ಅಂದರೆ ಆಳು ಸೇರಿಸುವ ಮೇಸ್ತ್ರಿಗಳು, ಕರೆದೊಯ್ದರು. ಹಾಗೆ ಹೋದವರು ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಮೂರು ನಾಲ್ಕು ತಲೆಮಾರು ಕಳೆದರು. 1948ರ ಫೆಬ್ರವರಿಯಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವ ಕಾಯ್ದೆಯೂ ಬಂತು. ನಿನ್ನ ಅಪ್ಪ ಇಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸು ಎಂದಿತು. ಲೈನ್ ಮನೆಯಲ್ಲಿ ಹುಟ್ಟಿದವನಿಗೆ ಯಾರು ದಾಖಲೆ ಮಾಡಿಸಿರುತ್ತಾರೆ? ಮರುವರ್ಷ ವೋಟೂ ಹೋಯಿತು. ಲಕ್ಷಗಟ್ಟಲೆ ಜನ ಇದ್ದಲ್ಲೇ ಇದ್ದು ಯಾವ ದೇಶಕ್ಕೂ ಸೇರದವರಾದರು. ಗಮನಿಸಿ, ಅವರು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ.

1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ ಎಂದು ಲೆಕ್ಕ. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ 1,50,000 ಮಂದಿಯ ಮಾತು ಆಮೇಲೆ. ಆ "ಆಮೇಲೆ" ಬಂದದ್ದು 1974ರಲ್ಲಿ, ಇಂದಿರಾ ಗಾಂಧಿಯವರ ಕಾಲದಲ್ಲಿ. ಇಬ್ಬರೂ 75,000, 75,000 ಹಂಚಿಕೊಂಡರು. ಮಂಡಿಯಲ್ಲಿ ಅಡಿಕೆ ಮೂಟೆ ಪಾಲು ಮಾಡಿದ ಹಾಗೆ. ತರಗತಿಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಕೂಡಿಸಿ ನೋಡಿ "ಸರಿಯಾಗಿದೆ ಮೇಡಂ" ಎನ್ನುತ್ತಾರೆ. ಅದೇ ನನಗೆ ಸಂಕಟ.

ಒಪ್ಪಂದವಾದ ಎರಡೇ ತಿಂಗಳಿಗೆ, ಆ ಡಿಸೆಂಬರಿನಲ್ಲಿ, ಚಂಡಮಾರುತ ಬಂದು ಧನುಷ್ಕೋಡಿಯೇ ಕೊಚ್ಚಿಹೋಯಿತು. ಸಿಲೋನಿಗೆ ಹಡಗು ಹೊರಡುತ್ತಿದ್ದ ಊರು ಅದು. ಆಮೇಲೆ ಸಿಲೋನಿನ ತಲೈಮನ್ನಾರ್‌ನಿಂದ ಹಡಗು ಬಂದು ನಿಂತದ್ದು ರಾಮೇಶ್ವರದಲ್ಲಿ. ಇಳಿದವರು ಹತ್ತಿರದ ಮಂಡಪಂ ಕ್ಯಾಂಪಿಗೆ ಹೋಗಬೇಕಿತ್ತು. ಮಂಡಪಂ ಬಗ್ಗೆ ಯಾರಾದರೂ ಒಂದು ಒಳ್ಳೆಯ ಪ್ರಬಂಧ ಬರೆಯಬೇಕೆಂದು ನನಗೆ ಬಹಳ ದಿನದ ಆಸೆ. ಸಿಲೋನಿಗೆ ಕೂಲಿಗೆ ಹೋಗುವವರಿಗೆ ರೋಗ ಇದೆಯಾ ಎಂದು ತಡೆದು ನೋಡುತ್ತಿದ್ದದ್ದು ಅಲ್ಲೇ. ಅವರ ಮೊಮ್ಮಕ್ಕಳನ್ನು ವಾಪಸ್ ಬರಮಾಡಿಕೊಂಡದ್ದೂ ಅಲ್ಲೇ. 1983ರಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ಗಲಭೆಯಾದ ನಂತರ ನಿಜವಾದ ನಿರಾಶ್ರಿತರು ಬಂದಾಗ ಅವರನ್ನು ಇರಿಸಿದ್ದೂ ಅಲ್ಲೇ. ಗೊಂದಲ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಅಲ್ಲಿಂದ ಜನರನ್ನು ಬೇರೆ ಬೇರೆ ಕಡೆ ಹಂಚಿದರು. ನೀಲಗಿರಿಯ ಟೀ ತೋಟ, ಕೇರಳದ ಪುನಲೂರಿನ ರಬ್ಬರ್, ನಿಕೋಬಾರಿನ ಕಚ್ಚಾಲ್ ದ್ವೀಪದ ರಬ್ಬರ್. ನಮ್ಮ ಕಡೆಗೆ ಬಂದವರಿಗೆ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ, ಕೆಎಫ್‌ಡಿಸಿ ಎಂದರೆ ಈ ಕಡೆ ಎಲ್ಲರಿಗೂ ಗೊತ್ತು. ಎರಡೆಲೆ ಒಂದು ಮೊಗ್ಗು ಚಿವುಟಿ ಅಭ್ಯಾಸವಾದ ಕೈಗಳು ರಬ್ಬರ್ ಮರದ ತೊಗಟೆ ಕೊಯ್ದು ಹಾಲು ತೆಗೆಯುವ ಟ್ಯಾಪಿಂಗ್ ಕತ್ತಿ ಹಿಡಿದವು.

ಅವರಿರುವ ಕಾಲನಿಗಳನ್ನು ಸಿ.ಆರ್.ಸಿ. ಕಾಲನಿ ಎನ್ನುತ್ತಾರೆ. ಸಿಲೋನ್ ರಿಪ್ಯಾಟ್ರಿಯೇಟ್ಸ್ ಕಾಲನಿ. ರಿಪ್ಯಾಟ್ರಿಯೇಟ್ ಎಂದರೆ ಸ್ವದೇಶಕ್ಕೆ ಮರಳಿದವರು. ಅಂದರೆ ಸರಿಯಾದ ಪದ ಕಾಲನಿಯ ಹೆಸರಿನಲ್ಲೇ ಇದೆ! ಅದೇ ಕಾಲನಿಯಲ್ಲಿ ಬಸ್ಸಿಳಿದು ಹೋಗಿ "ನಿರಾಶ್ರಿತರು" ಎಂದು ಬರೆದುಕೊಂಡು ಬರುತ್ತಾರಲ್ಲ, ಇವರಿಗೆ ಏನು ಹೇಳುವುದು?

"ಮರಳಿದವರು" ಎಂಬ ಪದವೂ ಪೂರ್ತಿ ನಿಜವಲ್ಲ, ಒಪ್ಪುತ್ತೇನೆ. ಒಮ್ಮೆಯೂ ನೋಡದ ದೇಶಕ್ಕೆ ಮರಳುವುದು ಹೇಗೆ? ಆದರೆ ಕಾನೂನಿನ ಮಾತಿಗೂ ಮನಸ್ಸಿನ ಮಾತಿಗೂ ಬೇರೆ ಬೇರೆ ಕಾಲಂ ಬೇಕು. ಎರಡನ್ನೂ ಒಂದೇ ಪದಕ್ಕೆ ತುರುಕಬೇಡಿ.

ಎರಡು ವರ್ಷದ ಕೆಳಗೆ ಒಬ್ಬ ಹುಡುಗಿಯ ಜೊತೆ ಒಂದು ಕಾಲನಿಗೆ ಹೋಗಿದ್ದೆ. ಬೆಂಗಳೂರಿನ ಹುಡುಗಿ, ಚುರುಕು, ಪ್ರಶ್ನಾವಳಿ ಫೋನಿನಲ್ಲೇ ಇತ್ತು. ಎಂಬತ್ತರ ಹತ್ತಿರದ ಒಬ್ಬ ಪಾಟಿ ಜಗಲಿಯಲ್ಲಿ ಕೂತಿದ್ದರು. ಮೀನಿನವನ ಹತ್ತಿರ ತುಳುವಿನಲ್ಲಿ ಚೌಕಾಸಿ ಮುಗಿಸಿ, ಮೊಮ್ಮಗನಿಗೆ ತಮಿಳಿನಲ್ಲಿ ಬೈದು, ನಮ್ಮ ಕಡೆ ತಿರುಗಿ ಕನ್ನಡದಲ್ಲಿ "ಕೂತುಕೊಳ್ಳಿ ಟೀಚರಮ್ಮ" ಎಂದರು. ಹುಡುಗಿ ಮೊದಲ ಪ್ರಶ್ನೆ ಕೇಳಿದಳು. "ಅಜ್ಜೀ, ನೀವು ಅಲ್ಲಿಂದ ಓಡಿ ಬಂದದ್ದು ಯಾವಾಗ?"

ಪಾಟಿ ನಕ್ಕುಬಿಟ್ಟರು. "ಓಡಿ ಎಲ್ಲಿ ಬಂದೆವು ಮಗಾ? ಎಂಟು ವರ್ಷ ಕಾದು ಬಂದೆವು."

ಅರ್ಜಿ ಹಾಕಿ, ಕ್ಯಾಂಡಿಯಲ್ಲಿದ್ದ ಭಾರತದ ಕಚೇರಿಗೆ ಅಲೆದು, ಪಾಸ್‌ಪೋರ್ಟ್ ಆಗಿ, ಅಲ್ಲಿ ಇರಲು ಕೊಟ್ಟ ವೀಸಾ ಮುಗಿದು, ಹಡಗಿಗೆ ಹೆಸರು ಬರುವ ತನಕ ಎಂಟು ವರ್ಷ. ಅಷ್ಟರಲ್ಲಿ ಇಬ್ಬರು ಮಕ್ಕಳು ಹುಟ್ಟಿದ್ದರು, ಅತ್ತೆ ತೀರಿಕೊಂಡಿದ್ದರು. ಹುಡುಗಿಯ ಫೋನಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. "ಪಲಾಯನಕ್ಕೆ ಕಾರಣ: ಯುದ್ಧ / ಹಿಂಸೆ / ಇತರೆ" ಎಂದಿತ್ತು. ಪಾಪ, "ಇತರೆ" ಒತ್ತಿದಳು.

ಪದ ತಪ್ಪಾದರೆ ಏನೀಗ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. ಪರಿಚಯದ ಒಬ್ಬ ಹುಡುಗ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಕಚೇರಿಯವರು ಕೆಟ್ಟವರೇನಲ್ಲ, ಚಹಾ ಕೂಡ ತರಿಸಿದರು. ಆದರೆ "ನೀವು ನಿರಾಶ್ರಿತರಲ್ವಾ, ನಿಮಗೆ ಬೇರೆ ಯೋಜನೆ ಇರಬೇಕು" ಎಂದು ಅರ್ಜಿ ಪಕ್ಕಕ್ಕಿಟ್ಟರು. ಬೇರೆ ಯೋಜನೆ ಎಲ್ಲಿಂದ ಬರಬೇಕು? ಅವನು ಹುಟ್ಟಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ! ಈ ಪ್ರಮಾಣಪತ್ರದ ವಿಷಯ ಮೊದಲೇ ಜಟಿಲ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. 1950ರಲ್ಲಿ ನಿಮ್ಮ ಹಿರಿಯರು ಯಾವ ರಾಜ್ಯದಲ್ಲಿದ್ದರು ಎಂದು ಕೇಳುತ್ತಾರೆ. ಇವರ ಹಿರಿಯರು ಆಗ ಸಿಲೋನಿನಲ್ಲಿ. ನಾನು ವಕೀಲೆಯಲ್ಲ, ಆದೇಶಗಳು ಬದಲಾಗುತ್ತಿರುತ್ತವೆ, ಆದ್ದರಿಂದ ನನ್ನ ಮಾತು ನಂಬಿ ಯಾರೂ ಅರ್ಜಿ ಬರೆಯಬೇಡಿ. ಆದರೆ ಇಷ್ಟು ಜಟಿಲವಾದ ಕಡೆ "ನಿರಾಶ್ರಿತ" ಎಂಬ ಒಂದು ಪದ ಬಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಇಷ್ಟನ್ನು ಕಣ್ಣಾರೆ ನೋಡಿದ್ದೇನೆ.

ಈಗ ನನ್ನ ಮಾತಿಗೆ ನಾನೇ ಒಂದು ಅಡ್ಡಮಾತು ಸೇರಿಸಬೇಕು. ತಮಿಳುನಾಡಿನ ಕ್ಯಾಂಪುಗಳಲ್ಲಿರುವ ನಿರಾಶ್ರಿತರಲ್ಲೂ ಬೆಟ್ಟದ ಟೀ ತೋಟದ ಮೂಲದವರು ಬಹಳ ಮಂದಿ ಇದ್ದಾರೆ. 1983ರ ಜುಲೈ ಗಲಭೆಯ ಮೇಲೆ ಅವರೂ ಓಡಿ ಬಂದರು. ಆ ಹೊತ್ತಿಗೆ ಕೆಲವರ ಅರ್ಜಿ ಅರ್ಧದಲ್ಲಿತ್ತು. 1984ರಲ್ಲಿ ಹಡಗೂ ನಿಂತುಹೋಯಿತು. ಹೀಗಾಗಿ ಒಂದೇ ಮನೆತನದಲ್ಲಿ ಅಣ್ಣ ಪ್ರಜೆ, ತಂಗಿ ನಿರಾಶ್ರಿತೆ ಎಂಬುದು ಅಪರೂಪವಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಮುಂದೆ ಬಂದದ್ದು ಪೌರತ್ವ ಕೇಳಿದ ಇಂಥವರದೇ ಪ್ರಕರಣ. ಆದ್ದರಿಂದ ಬಂದ ವರ್ಷ ಕೇಳಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಬರುವಾಗ ಕೈಯಲ್ಲಿ ಯಾವ ಕಾಗದ ಇತ್ತು ಎಂದು ಕೇಳಿ. ಅದು ಮುಖ್ಯ.

"ಸ್ವಂತ ಊರು" ಎಂಬ ಒಂದು ಕಾಲಂ ಇಟ್ಟು ಕೈ ತೊಳೆದುಕೊಳ್ಳಬೇಡಿ ಎಂದೂ ಹೇಳುತ್ತಿರುತ್ತೇನೆ. ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಹಿರಿಯರನ್ನು ಕೇಳಿ ನೋಡಿ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ಎದ್ದಾಗ ಕೇರಳದಲ್ಲಿದ್ದರು. ಮನೆಯ ಮೆಟ್ಟಿಲೂ ಇಳಿದಿರಲಿಲ್ಲ.

ಹೋಗುವವರಿಗೆ ಇನ್ನೊಂದು ಮಾತು. ಬೆಳಿಗ್ಗೆ ಹೋಗಬೇಡಿ. ಟ್ಯಾಪಿಂಗ್ ನಸುಕಿನಲ್ಲೇ ಶುರು, ಹಾಲು ಒಟ್ಟು ಮಾಡಿ ತೂಕಕ್ಕೆ ಕೊಡುವ ತನಕ ಯಾರಿಗೂ ಪುರುಸೊತ್ತಿಲ್ಲ. ಆಗ ಅಡ್ಡ ನಿಂತು ಪ್ರಶ್ನೆ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ. ಊಟ ಆದ ಮೇಲೆ ಹೋಗಿ. ಬಿಸ್ಕತ್ತಿನ ಡಬ್ಬಿ ಆಗ ಹೊರಗೆ ಬರುತ್ತದೆ. ಅದರೊಳಗೆ ಹಳೆಯ ಪಾಸ್‌ಪೋರ್ಟ್ ಇರುತ್ತದೆ, ಫ್ಯಾಮಿಲಿ ಕಾರ್ಡ್ ಇರುತ್ತದೆ. ಇಡೀ ಮನೆಯವರ ಹೆಸರಿರುವ ಕಾಗದ ಅದು. ಆ ಪಾಟಿಯ ಕಾರ್ಡಿನ ಅಂಚು ಅರ್ಧ ಗೆದ್ದಲು ತಿಂದಿತ್ತು. ಉಳಿದರ್ಧಕ್ಕೆ ಸುಳ್ಯದ ಮಳೆಯೇ ಸಾಕು. ನಿಮ್ಮ ಪ್ರಶ್ನಾವಳಿ ಆಮೇಲೆ ತುಂಬಿದರೂ ನಡೆಯುತ್ತದೆ. ಮೊದಲು ಅವರ ಅನುಮತಿ ಕೇಳಿ ಕಾರ್ಡಿನ ಫೋಟೋ ತೆಗೆದು, ಒಳ್ಳೆಯ ಪ್ರಿಂಟ್ ಹಾಕಿಸಿ ಅವರಿಗೇ ಕೊಟ್ಟು ಬನ್ನಿ. ಎರಡೂ ಬದಿಯದು.