ಗಿಲೀಸ್ ಕ್ಲಬ್: ಬೋರ್ಡು ಒಬ್ಬರದು, ಗಲ್ಲಾ ಇನ್ನೊಬ್ಬರದು

ಅಮೆರಿಕದ ಕಂಟ್ರಿ ಸಂಗೀತದ (ಅಲ್ಲಿನ ಹಳ್ಳಿಗಾಡಿನಿಂದ ಬಂದ ಹಾಡುಗಳ) ಬಗ್ಗೆ ಓದುತ್ತಾ ಗಿಲೀಸ್ ಕ್ಲಬ್‌ಗೆ ಬಂದಾಗ ಸುಲಭ ಅಂದುಕೊಂಡಿದ್ದೆ. ಒಂದು ಕುಣಿತದ ಜಾಗ, ಒಂದು ಸಿನಿಮಾ, ಒಂದು ಬೆಂಕಿ. ಆದರೆ ಎರಡು ಸಂಜೆ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಊರು

ಕ್ಲಬ್ ಇದ್ದ ಊರು ಪ್ಯಾಸಡೀನಾ. ಆ ಹೆಸರು ಕೇಳಿದ ಕೂಡಲೇ ಕ್ಯಾಲಿಫೋರ್ನಿಯಾ ಅಂತ ಬರೆಯಬೇಡಿ. ಇದು ಟೆಕ್ಸಾಸ್‌ನದು, ಹ್ಯೂಸ್ಟನ್ ಪಕ್ಕದ್ದು. ಸುತ್ತ ಎಣ್ಣೆ ರಿಫೈನರಿಗಳು. ಕ್ಲಬ್ ಇದ್ದದ್ದು ಸ್ಪೆನ್ಸರ್ ಹೆದ್ದಾರಿಯಲ್ಲಿ. ಬರುತ್ತಿದ್ದವರಲ್ಲಿ ಹಗಲು ಹೆಲ್ಮೆಟ್ ಹಾಕಿ ಸಂಜೆ ಕೌಬಾಯ್ ಟೋಪಿ ಹಾಕುವ ಕಾರ್ಮಿಕರೇ ಜಾಸ್ತಿ. ದನ ಕಾಯ್ದವರು ಕಡಿಮೆ.

ಡ್ಯಾನ್ಸ್ ಹಾಲ್ ಬೇರೆ, ಹಾಂಕಿ ಟಾಂಕ್ ಬೇರೆ

ಇವೆರಡನ್ನೂ ಒಂದೇ ಅಂತ ಬರೆದು ನಾನು ಪೆನ್ಸಿಲಲ್ಲಿ ಹೊಡೆದು ಹಾಕಿದ್ದೇನೆ. ಟೆಕ್ಸಾಸ್‌ನ ಹಳೇ ಡ್ಯಾನ್ಸ್ ಹಾಲ್‌ಗಳಲ್ಲಿ ಎಷ್ಟೋ ಜರ್ಮನ್, ಚೆಕ್ ವಲಸಿಗರು ಕಟ್ಟಿಕೊಂಡವು. 1878ರ ಗ್ರೀನ್ ಹಾಲ್ ಇವತ್ತಿಗೂ ನಿಂತಿದೆ. ಅಜ್ಜ, ಅಜ್ಜಿ, ಮಕ್ಕಳು ಎಲ್ಲಾ ಬರುತ್ತಿದ್ದರು. ರಾತ್ರಿ ಹೊತ್ತಾದರೆ ಮಕ್ಕಳನ್ನು ಬೆಂಚಿನ ಪಕ್ಕ ಕೌದಿ ಹಾಸಿ ಮಲಗಿಸಿ ದೊಡ್ಡವರು ಕುಣಿಯುತ್ತಿದ್ದರು. ನಮ್ಮೂರಿನ ಬಯಲಾಟದ ರಾತ್ರಿ ನೆನಪಿಸಿಕೊಳ್ಳಿ, ಸಾಕು.

ಹಾಂಕಿ ಟಾಂಕ್ ಅಂದರೆ ಬಿಯರ್, ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ), ದೊಡ್ಡವರು ಮಾತ್ರ. 1933ರಲ್ಲಿ ಪಾನನಿಷೇಧ ಹೋದ ಮೇಲೆ ಎಣ್ಣೆ ಬಾವಿಗಳ ಊರುಗಳಲ್ಲಿ ಇವು ಹೆಚ್ಚಿದವು. ಗಿಲೀಸ್ ಸ್ವಭಾವದಲ್ಲಿ ಹಾಂಕಿ ಟಾಂಕ್, ಅಳತೆಯಲ್ಲಿ ಮಾತ್ರ ಜಾತ್ರೆ.

ಕುಣಿತ ಮುಖ್ಯವಾಗಿ ಟೂ ಸ್ಟೆಪ್. ಬೇಗ, ಬೇಗ, ನಿಧಾನ, ನಿಧಾನ. ಬೇಗದ ಹೆಜ್ಜೆಗೆ ಒಂದು ಎಣಿಕೆ, ನಿಧಾನಕ್ಕೆ ಎರಡು. ಒಟ್ಟು ಆರು. ಹಾಡು ಮಾತ್ರ ನಾಲ್ಕು ನಾಲ್ಕರ ಲೆಕ್ಕದಲ್ಲಿ ಓಡುತ್ತದೆ. ಹಾಗಾಗಿ ಹೆಜ್ಜೆ ಮತ್ತು ತಾಳ ಪ್ರತಿ 12 ಎಣಿಕೆಗೊಮ್ಮೆ ಕೂಡುತ್ತವೆ. ತೊಡೆ ಮೇಲೆ ತಟ್ಟಿ ನೋಡಿ, ಆಗಲೇ ಗೊತ್ತಾಗೋದು. ಜೋಡಿಗಳು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಹಾಲ್ ಸುತ್ತುತ್ತಾರೆ.

ನಾನು ಎಡವಿದ್ದು ಇಲ್ಲಿ: ಗಿಲೀಸ್ ಯಾರದು?

ಕಂಟ್ರಿ ಗಾಯಕ ಮಿಕಿ ಗಿಲಿಯದು. ಹಾಗಂತಲೇ ನಾನೂ ಬರೆದಿದ್ದೆ. ಹಾಗಿದ್ದರೆ ಗಿಲಿ ತಮ್ಮದೇ ಕ್ಲಬ್ ವಿಷಯಕ್ಕೆ ಕೋರ್ಟಿಗೆ ಯಾಕೆ ಹೋದರು? ಇಲ್ಲಿ ಸಿಕ್ಕಿಹಾಕಿಕೊಂಡೆ.

ನಿಧಾನಕ್ಕೆ ಹೋಗೋಣ. ಶೆರ್ವುಡ್ ಕ್ರಾಯರ್ ಒಂದು ಕಾಲದಲ್ಲಿ ರಿಫೈನರಿಯಲ್ಲಿ ವೆಲ್ಡರ್. ಸ್ಪೆನ್ಸರ್ ಹೆದ್ದಾರಿಯಲ್ಲಿ ಅವರಿಗೆ ಶೆಲೀಸ್ ಅನ್ನುವ ಬಾರ್ ಇತ್ತು. ಅದೇ ರಸ್ತೆಯ ನೆಸಡೆಲ್ ಕ್ಲಬ್‌ನಲ್ಲಿ ಮಿಕಿ ಗಿಲಿ ಪಿಯಾನೋ ನುಡಿಸಿ ಹಾಡುತ್ತಿದ್ದರು. ರಾಕ್ ಅಂಡ್ ರೋಲ್‌ನ ಜೆರ್ರಿ ಲೀ ಲೂಯಿಸ್‌ಗೆ ಇವರು ಸೋದರಸಂಬಂಧಿ. ಕ್ರಾಯರ್ ಬಂದು, ನಮ್ಮಲ್ಲಿಗೆ ಬನ್ನಿ, ಪಾಲುದಾರರಾಗೋಣ ಅಂದರು. ಶೆಲೀಸ್ ರಿಪೇರಿಯಾಯಿತು. 1971ರಲ್ಲಿ ಅದೇ ಜಾಗ ಗಿಲೀಸ್ ಅಂತ ತೆರೆಯಿತು.

ಈಗ ಒಂದು ಊಟದ ಹೋಟೆಲ್ ಅಂದುಕೊಳ್ಳಿ. ಬೋರ್ಡಿನ ಮೇಲೆ ಅಡುಗೆಯವರ ಹೆಸರು. ಜನ ಬರೋದು ಆ ಹೆಸರಿಗೆ. ಗಲ್ಲಾದಲ್ಲಿ ಕೂತವರು ಬೇರೆ. ಛಾವಣಿ ಸೋರಿದರೆ ಜನ ಬೈಯುವುದು ಯಾರನ್ನು? ಬೋರ್ಡಿನವರನ್ನು. ಸರಿಮಾಡಿಸುವ ಅಧಿಕಾರ ಯಾರ ಕೈಯಲ್ಲಿ? ಗಲ್ಲಾದವರ ಕೈಯಲ್ಲಿ. ಇಷ್ಟು ಹಿಡಿದುಕೊಂಡರೆ ಮುಂದಿನ ಜಗಳ ತಾನಾಗೇ ಬಿಚ್ಚಿಕೊಳ್ಳುತ್ತದೆ.

1974ರಲ್ಲಿ ಗಿಲಿಯ ಹಾಡೊಂದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಅವರು ಊರೂರು ತಿರುಗಿ ಹಾಡತೊಡಗಿದರು, ಕ್ಲಬ್‌ನಲ್ಲಿ ಜಾನಿ ಲೀ ಅನ್ನುವ ಇನ್ನೊಬ್ಬ ಗಾಯಕ ಹಾಡುತ್ತಿದ್ದರು. ದಿನದ ವ್ಯವಹಾರ ಕ್ರಾಯರ್ ಕೈಯಲ್ಲಿ. ದುಡ್ಡು ಬಂದ ಮೇಲೂ ವೆಲ್ಡರ್ ತರಹದ ಓವರಾಲ್‌ನಲ್ಲೇ ಓಡಾಡುತ್ತಿದ್ದ ಮನುಷ್ಯ ಅವರು. ಕಟ್ಟಡ ಹಾಳಾಗುತ್ತಾ ಬಂತು, ಸರಿಮಾಡಿಸಿ ಅಂತ ಗಿಲಿ ಹೇಳಿದ್ದು ನಡೆಯಲಿಲ್ಲ. ದುಡ್ಡಿನ ಲೆಕ್ಕದ ತಕರಾರೂ ಸೇರಿತು. ವಿಷಯ ಕೋರ್ಟಿಗೆ ಹೋಗಿ, 1988ರಲ್ಲಿ ಗಿಲಿಯ ಪರವಾಗಿ 1 ಕೋಟಿ 70 ಲಕ್ಷ ಡಾಲರ್ ತೀರ್ಪು ಬಂತು. 1989ರಲ್ಲಿ ಕ್ಲಬ್ ಮುಚ್ಚಿತು.

ಅಂದರೆ ಗಿಲಿ ಗೆದ್ದರು, ಕ್ಲಬ್ ಹೋಯಿತು. ನನ್ನ ಮೊದಲ ಟಿಪ್ಪಣಿಯಲ್ಲಿ ಗಿಲಿ ಸೋತರು ಅಂತಿತ್ತು. ಕ್ಲಬ್ ಮುಚ್ಚಿದ್ದಕ್ಕೆ ನಾನೇ ಊಹಿಸಿಕೊಂಡಿದ್ದು.

ಅಳತೆ: ನನ್ನ ಅಡ್ಡದಾರಿ

ಕಟ್ಟಡ ಸುಮಾರು 48,000 ಚದರಡಿ. ಈ ಅಂಕಿ ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ. ಆಮೇಲೆ ನಮ್ಮ ಸೈಟಿನ ಲೆಕ್ಕಕ್ಕೆ ಇಳಿಸಿದೆ. ಮೂವತ್ತು ನಲವತ್ತರ ಸೈಟು 1,200 ಚದರಡಿ. 48,000 ಅಂದರೆ ಸರಿಯಾಗಿ 40 ಸೈಟು! ಒಂದು ಇಡೀ ಬಡಾವಣೆಯ ರಸ್ತೆಗೆ ತಗಡಿನ ಸೂರು ಹಾಕಿ ಒಳಗೆ ಬಾರ್, ಪೂಲ್ ಟೇಬಲ್, ಕುಣಿಯುವ ನೆಲ ಇಟ್ಟ ಹಾಗೆ. ಗುಂಟೆಯಲ್ಲಿ ಹೇಳೋರಿಗೆ ಒಂದು ಎಕರೆ ನಾಲ್ಕು ಗುಂಟೆ. ಗಿನ್ನೆಸ್ ದಾಖಲೆಯಲ್ಲಿ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ ಅಲ್ವಾ?

ಯಂತ್ರದ ಹೋರಿ

ರೋಡಿಯೋ ಅಂದರೆ ಕುಪ್ಪಳಿಸುವ ಹೋರಿ, ಕುದುರೆ ಮೇಲೆ ಬೀಳದೆ ಕೂರುವ ಕೌಬಾಯ್ ಸ್ಪರ್ಧೆ. ಅದರ ಸವಾರರ ಅಭ್ಯಾಸಕ್ಕೆ ಮಾಡಿದ ಯಂತ್ರ ಇದು. ಕ್ರಾಯರ್ ತಂದು ಬಾರಿನೊಳಗೆ ನಿಲ್ಲಿಸಿದರು. ಸುತ್ತ ಹಾಸಿಗೆ. ಒಬ್ಬ ಆಪರೇಟರ್ ಪಕ್ಕದಲ್ಲಿ ನಿಂತು ಜೋರು, ತಿರುವು ನೋಡಿಕೊಳ್ಳುತ್ತಿದ್ದ. ಬೀಳುವವನ ಗತಿ ಅವನ ಬೆರಳ ತುದಿಯಲ್ಲಿ. ಎಲ್ಲರಿಗೂ ನೆನಪಿರುವುದು ಇದೇ, ಆದ್ದರಿಂದ ಇಷ್ಟು ಸಾಕು.

ವರ್ಷಗಳನ್ನು ಹಿಂದುಮುಂದು ಮಾಡಬೇಡಿ

ಸಿನಿಮಾದಿಂದ ಕ್ಲಬ್ ಹುಟ್ಟಲಿಲ್ಲ. 1971ರಲ್ಲಿ ಕ್ಲಬ್. 1978ರಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಆರನ್ ಲೇಥಮ್ ಬರೆದ ಲೇಖನ, ಅಲ್ಲಿಗೆ ಬರುವ ಕಾರ್ಮಿಕ ಹುಡುಗರ ಬಗ್ಗೆ. 1980ರಲ್ಲಿ ಅದರಿಂದ ಬಂದ ಸಿನಿಮಾ 'ಅರ್ಬನ್ ಕೌಬಾಯ್', ಜಾನ್ ಟ್ರವೋಲ್ಟಾ ನಟಿಸಿದ್ದು. ಆಮೇಲೆ ದೇಶದ ತುಂಬ ಬೂಟು, ಟೋಪಿ, ಯಂತ್ರದ ಹೋರಿ. 1981ರಲ್ಲಿ ಟೆಕ್ಸಾಸ್‌ನದೇ ಫೋರ್ಟ್ ವರ್ತ್‌ನಲ್ಲಿ ಬಿಲ್ಲಿ ಬಾಬ್ಸ್ ಅನ್ನುವ ಇನ್ನೊಂದು ಹಾಂಕಿ ಟಾಂಕ್ ತೆರೆಯಿತು. ಅಲ್ಲಿ ಹೋರಿ ಯಂತ್ರದ್ದಲ್ಲ, ನಿಜವಾದ್ದು. ಅದು ಇವತ್ತಿಗೂ ನಡೆಯುತ್ತಿದೆ.

ಗಿಲೀಸ್ ಕಟ್ಟಡ 1990ರಲ್ಲಿ ಬೆಂಕಿಗೆ ಸುಟ್ಟಿತು. ಬೋರ್ಡಿನ ಹೆಸರಿಗೆ ಮಾತ್ರ ಏನೂ ಆಗಲಿಲ್ಲ. ಲಾಸ್ ವೇಗಸ್‌ನಲ್ಲಿ, ಡಲ್ಲಾಸ್‌ನಲ್ಲಿ ಆಮೇಲೆ ಗಿಲೀಸ್ ಅನ್ನುವ ಜಾಗಗಳು ತೆರೆದವು.