ಬೆಳೆಗೆ ಮನ್ನಾ, ಮನೆಗೆ ನೋಟಿಸ್

ಕಾಫಿಗೆ ವರ್ಷಕ್ಕೊಂದೇ ಕೊಯ್ಲು. ಕಣದಲ್ಲಿ ಒಣಗಿದ ಚೆರ್ರಿ ಚೀಲ ಸೇರಿ ಲಾರಿ ಹತ್ತಿದಾಗಲೇ ಕೊಡಗಿನ ಬೆಳೆಗಾರನ ಮನೆಗೆ ದುಡ್ಡು ಬರುವುದು. ಗೃಹಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬಾಗಿಲು ತಟ್ಟುತ್ತದೆ. 90 ದಿನ ತಪ್ಪಿತೋ, ಬ್ಯಾಂಕಿನ ಲೆಕ್ಕದಲ್ಲಿ ಅದು ವಸೂಲಾಗದ ಸಾಲ.

2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಕಂತುಗಳಿಗೆ ಮೂರು ತಿಂಗಳ ವಿನಾಯಿತಿ ಘೋಷಿಸಿತು, ಮುಂದೆ ಅದನ್ನು ಆಗಸ್ಟ್ 31ಕ್ಕೆ ಎಳೆಯಿತು. ಮಾರ್ಚ್, ಏಪ್ರಿಲ್ ಎಂದರೆ ಇಲ್ಲಿ ಕೊಯ್ಲಿನ ಹಣ ಅಷ್ಟಿಷ್ಟು ಕೈಯಲ್ಲಿರುವ ಕಾಲ. ಸೆಪ್ಟೆಂಬರ್ ಎಂದರೆ ಮಳೆ, ಗೊಬ್ಬರ, ಆಳುಗಳ ಕೂಲಿ. ಹಣವಿದ್ದಾಗ ಕಂತು ಬೇಡವೆಂದರು, ಕೈ ಬರಿದಾದಾಗ ಕೇಳಿದರು. ಈ ನಡುವೆ ಬಡ್ಡಿ ನಿಂತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆಸಿದ್ದು ಬಡ್ಡಿಯ ಮೇಲಿನ ಬಡ್ಡಿಯನ್ನು. ಮೂಲ ಬಡ್ಡಿ ಸಾಲಗಾರನ ತಲೆಯ ಮೇಲೆಯೇ ಉಳಿಯಿತು.

ಈ ಜಿಲ್ಲೆಗೆ ಸಾಲ ಪರಿಹಾರ ಹೊಸದಲ್ಲ. 1989ರಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಗೊತ್ತುಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಹೊಸ ಶತಮಾನ ಹುಟ್ಟುವ ಹೊತ್ತಿಗೆ ಬೆಲೆ ಪಾತಾಳ ಕಂಡಿತು. 2002ರಲ್ಲಿ ಹಳೆಯ ಬಾಕಿಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ವಾಯಿದೆ ಮುಂದೂಡಿದ ವಿಶೇಷ ಕಾಫಿ ಸಾಲ ಬಂತು. 2008ರ ಕೇಂದ್ರದ ಮನ್ನಾ ಎರಡು ಹೆಕ್ಟೇರ್‌ವರೆಗಿನವರಿಗೆ ಪೂರ್ತಿ ದಕ್ಕಿತು. ಅದಕ್ಕಿಂತ ದೊಡ್ಡವರು ಮೊದಲು ನೂರರಲ್ಲಿ 75 ಭಾಗ ಕಟ್ಟಿದರೆ 25 ಭಾಗ ಬಿಡುವ ಏರ್ಪಾಡು. ಕಟ್ಟಲಾಗದವನಿಗೆ ಕಟ್ಟಿ ಬಾ ಎನ್ನುವುದು ಎಂಥ ಪರಿಹಾರವೋ! 2010ರಲ್ಲಿ ಸಣ್ಣ ಕಾಫಿ ಬೆಳೆಗಾರರಿಗೆ ಪ್ಯಾಕೇಜ್, 2018ರಲ್ಲಿ ರಾಜ್ಯದ ಬೆಳೆ ಸಾಲ ಮನ್ನಾ.

ಇವೆಲ್ಲವೂ ನೋಡಿದ್ದು ಬೆಳೆಯನ್ನು, ಮನೆಯನ್ನಲ್ಲ. ಕೊಡಗಿನಲ್ಲಿ ಮನೆ ಇರುವುದು ತೋಟದ ನಡುವೆ. ಮಗಳ ಓದಿಗೆಂದು ತೋಟದ ಸರ್ವೆ ನಂಬರನ್ನು ಅಡವಿಟ್ಟರೆ ಸೂರೂ ಅಡವಿಟ್ಟಂತೆಯೇ. ಆ ಸಾಲಕ್ಕೆ ಬೆಳೆ ಸಾಲವೆಂಬ ಹೆಸರಿಲ್ಲವಾದ್ದರಿಂದ ಮನ್ನಾ ಇಲ್ಲ. ಇತ್ತ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆದು ಮಾರಲು ಬ್ಯಾಂಕುಗಳಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆದರೆ ಕಾಫಿ ತೋಟ ಕೃಷಿಯಲ್ಲ, ಪ್ಲಾಂಟೇಶನ್ ಎಂಬುದು ಬ್ಯಾಂಕುಗಳ ವಾದ. 60 ದಿನಗಳ ನೋಟಿಸ್, ಆಮೇಲೆ ಹರಾಜು.

ದಾಖಲೆಯ ಗೋಳು ಬೇರೆ. ತಲೆಮಾರುಗಳಿಂದ ಕುಟುಂಬಕ್ಕೆ ಸೇರಿಬಂದ ಜಮ್ಮಾ ಬಾಣೆ ಜಮೀನಿನ ಪಹಣಿ ಬಿಡಿಸಿ ನೋಡಿ: 9ನೇ ಕಾಲಂನಲ್ಲಿ ಪಟ್ಟೇದಾರನ, ಅಂದರೆ ಕುಟುಂಬದ ಹಿರಿಯನ ಹೆಸರು, ಎಷ್ಟೋ ಕಡೆ ಆತ ತೀರಿಕೊಂಡೇ ವರ್ಷಗಳಾಗಿವೆ. ಕೆಳಗೆ ಒಕ್ಕದ, ಅಂದರೆ ಒಂದೇ ಮನೆತನದ ಪಾಲುದಾರರ ಸಾಲು: ಒಬ್ಬರು ಮೈಸೂರಿನಲ್ಲಿ, ಒಬ್ಬರು ಸೇನೆಯಲ್ಲಿ, ಇನ್ನೊಬ್ಬರು ಮಾತು ಬಿಟ್ಟವರು. ಯಾವ ಪರಿಹಾರಕ್ಕೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಈ ಕಾಗದವನ್ನೇ.

ಕಾಗದದಲ್ಲಿ ಮುಗ್ಗರಿಸುವುದು ನಮ್ಮ ಸರ್ಕಾರಗಳ ಸ್ವತ್ತೇನಲ್ಲ. ಅಮೆರಿಕ 2009ರಲ್ಲಿ ಗೃಹಸಾಲ ಕಟ್ಟಲಾಗದ 30ರಿಂದ 40 ಲಕ್ಷ ಕುಟುಂಬಗಳ ಮನೆ ಉಳಿಸುತ್ತೇವೆಂದು ಯೋಜನೆ ತಂದಿತು. ಬ್ಯಾಂಕುಗಳು ಅರ್ಜಿಗಳನ್ನು ಕಳೆದುಹಾಕಿದವು, ಅದೇ ದಾಖಲೆ ಮತ್ತೆ ಮತ್ತೆ ಕೇಳಿದವು. 2016ರ ಕೊನೆಗೆ ಬಾಗಿಲು ಮುಚ್ಚಿದಾಗ ಗುರಿಯ ಅರ್ಧದಷ್ಟೋ ಏನೋ ಮುಟ್ಟಿತ್ತು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ನಿರಾಶ್ರಿತರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆಗಳೆದ್ದವು, ಅದು ಸಣ್ಣ ಕೆಲಸವಲ್ಲ. ಆದರೆ ಹಳೆಯ ಸಾಲ? ರಿಸರ್ವ್ ಬ್ಯಾಂಕಿನ ಆಗಿನ ನಿಯಮದಂತೆ ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಬೆಳೆ ಸಾಲದ ಕಂತು ಮುಂದೂಡಬಹುದಿತ್ತು. ಮುಂದೂಡುವುದಷ್ಟೇ, ಅಳಿಸುವುದಲ್ಲ. ಮಣ್ಣಿನೊಂದಿಗೆ ತೋಟವೂ ಮನೆಯೂ ಕೊಚ್ಚಿಹೋದ ಜಾಗದ ಪಹಣಿ ತೆಗೆಸಿದರೆ ಎಕರೆ, ಗುಂಟೆ ಒಂದೂ ಕಡಿಮೆಯಾಗಿರುವುದಿಲ್ಲ. ಋಣಗಳಿಗೆಂದಿರುವ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರೂ ಅಲುಗಾಡಿರುವುದಿಲ್ಲ.