ಒಂದೇ ಅಂಕಿಗಳಿಗೆ ನಾಲ್ಕು ಉತ್ತರವೇಕೆ?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಏಳನೆಯ ತರಗತಿಯ ಮಗಳು ಸರಾಸರಿ, ಮಧ್ಯಾಂಕ, ಬಹುಲಕ, ವ್ಯಾಪ್ತಿ ನಾಲ್ಕನ್ನೂ ಸೂತ್ರ ಹಾಕಿ ಬಿಡಿಸುತ್ತಾಳೆ. ಆದರೆ ಅವೇ ಅಂಕಿಗಳಿಗೆ ಇಷ್ಟೊಂದು ಉತ್ತರಗಳೇಕೆ, ಯಾವುದು ಸರಿ ಎಂದು ಅವಳು ಕೇಳಿದರೆ ನನಗೆ ವಿವರಿಸಲು ಬರುವುದಿಲ್ಲ. ಮನೆಯಲ್ಲಿ ಹೇಗೆ ಹೇಳಿಕೊಡಲಿ?

ಉತ್ತರ: ನಾಲ್ಕೂ ಸರಿ; ಏಕೆಂದರೆ ಅವು ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಸೂತ್ರವನ್ನು ಮೊದಲೇ ಕೈಗೆ ಕೊಟ್ಟುಬಿಟ್ಟರೆ ಈ ಪ್ರಶ್ನೆಗಳು ಮಕ್ಕಳಿಗೆ ಕಾಣದೇ ಹೋಗುತ್ತವೆ ಎಂಬುದು ನನ್ನ ಅಭಿಪ್ರಾಯ. ಊರಿನಿಂದ ತಂದ ಚೆನ್ನೆಮಣೆಯೊಂದು (ಎರಡು ಸಾಲುಗಳಲ್ಲಿ ಏಳೇಳು ಗುಳಿಗಳಿರುವ ಆಟದ ಮಣೆ) ಮನೆಯಲ್ಲಿದ್ದರೆ ಅದನ್ನು ಕೆಳಗಿಳಿಸಿ. ಇಲ್ಲದಿದ್ದರೆ ಏಳು ಬಟ್ಟಲು ಮತ್ತು ಒಂದು ಹಿಡಿ ಹುಣಸೆಬೀಜ ಸಾಕು.

ಒಂದು ಸಾಲಿನ ಏಳು ಗುಳಿಗಳಲ್ಲಿ ಕ್ರಮವಾಗಿ 5, 2, 9, 1, 3, 2, 6 ಬೀಜಗಳನ್ನು ಹಾಕಿ, ಈ ಅಂಕಿಗಳನ್ನು ಕಾಗದದಲ್ಲೂ ಬರೆಯಿಸಿ. ಈಗ ಮಗಳು ಯಾವ ಲೆಕ್ಕವನ್ನೂ ಮಾಡದೆ, ಹೆಚ್ಚಿರುವ ಗುಳಿಯಿಂದ ತೆಗೆದು ಕಡಿಮೆಯಿರುವಲ್ಲಿಗೆ ಹಾಕುತ್ತ ಎಲ್ಲವನ್ನೂ ಸಮ ಮಾಡಲಿ. ಪ್ರತಿ ಗುಳಿಯಲ್ಲೂ ನಾಲ್ಕು ಉಳಿಯುತ್ತದೆ, ಅಂದರೆ ಚೆನ್ನೆಯಾಟ ಶುರುವಾಗುವಾಗ ಇರುವಷ್ಟೇ. ಇದೇ ಸರಾಸರಿ, 28ನ್ನು 7ರಿಂದ ಭಾಗಿಸುವ ಸೂತ್ರವು ಅವಳ ಬೆರಳುಗಳು ಆಗಲೇ ಮಾಡಿ ಮುಗಿಸಿದ ಕೆಲಸವನ್ನು ಬರವಣಿಗೆಯಲ್ಲಿ ಹೇಳುತ್ತದೆ, ಅಷ್ಟೆ. ಒಂದು ಗುಳಿ ಬರಿದಾಗಿದ್ದರೂ ಅದನ್ನು ಬಿಡದೆ ಎಣಿಸಬೇಕು ಎಂಬುದು ಸಹ ಇಲ್ಲಿಯೇ ತಿಳಿಯುತ್ತದೆ. ಸೊನ್ನೆಯನ್ನು ಕೈಬಿಟ್ಟು ಆರರಿಂದ ಭಾಗಿಸುವುದು ಮಕ್ಕಳು ಬಹಳ ಸಲ ಮಾಡುವ ತಪ್ಪು.

ಮಧ್ಯಾಂಕಕ್ಕೆ ಬಂದಾಗ ಸ್ವಲ್ಪ ನಿಧಾನಿಸಿ. ಬರೆದಿಟ್ಟ ಅಂಕಿಗಳಲ್ಲಿ ನಡುವಿನದನ್ನು ತೋರಿಸು ಎಂದರೆ ಅವಳು 1ರ ಮೇಲೆ ಬೆರಳಿಡಬಹುದು. ಎಲ್ಲಕ್ಕಿಂತ ಚಿಕ್ಕದು ನಡುವಿನದು ಹೇಗಾದೀತು ಎಂದು ಕೇಳಿ, ಅವಳೇ ಯೋಚಿಸಲು ಬಿಡಿ. 1, 2, 2, 3, 5, 6, 9 ಎಂದು ಏರುಕ್ರಮದಲ್ಲಿ ಜೋಡಿಸಿದ ಮೇಲೆ ನಾಲ್ಕನೆಯ ಸ್ಥಾನದಲ್ಲಿ 3 ಸಿಗುತ್ತದೆ. ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡರ ಸರಾಸರಿಯನ್ನು ತೆಗೆದುಕೊಳ್ಳಬೇಕು. ಬಹುಲಕ ಸುಲಭ: ಹೆಚ್ಚು ಸಲ ಬಂದಿರುವುದು 2. ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆದರೆ ವ್ಯಾಪ್ತಿ 8.

ಈಗ ಏರುಕ್ರಮದ ಅಂಕಿಗಳನ್ನೇ ಗುಳಿಗಳಲ್ಲಿ ತುಂಬಿಸಿ, ಒಂಬತ್ತರ ಗುಳಿಗೆ ಇನ್ನೂ ಏಳು ಬೀಜ ಸೇರಿಸಿ. ಏನೇನು ಬದಲಾದೀತು ಎಂದು ಅವಳು ಎಣಿಸುವ ಮೊದಲೇ ಊಹಿಸಲಿ. ಸರಾಸರಿ 5ಕ್ಕೆ ಏರುತ್ತದೆ, ವ್ಯಾಪ್ತಿ 15ಕ್ಕೆ ಹಿಗ್ಗುತ್ತದೆ, ಆದರೆ ಮಧ್ಯಾಂಕ 3 ಮತ್ತು ಬಹುಲಕ 2 ಕದಲುವುದೇ ಇಲ್ಲ. ಇಡೀ ಪಾಠದ ಜೀವ ಇರುವುದು ಇಲ್ಲಿ. ಒಂದೇ ಒಂದು ದೊಡ್ಡ ಅಂಕಿ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳಬಲ್ಲದು. ಅಂಥಲ್ಲಿ ಸಾಮಾನ್ಯ ಸ್ಥಿತಿಯನ್ನು ತಿಳಿಯಲು ಮಧ್ಯಾಂಕವೇ ಮೇಲು. ಒಟ್ಟು ಮೊತ್ತವನ್ನು ಸಮನಾಗಿ ಹಂಚುವ ಮಾತು ಬಂದಾಗ ಸರಾಸರಿಯೇ ಬೇಕು. ಅಂಗಡಿಯವನು ಯಾವ ಅಳತೆಯ ಚಪ್ಪಲಿಯನ್ನು ಹೆಚ್ಚು ತರಿಸಬೇಕು ಎಂಬುದಕ್ಕೆ ಬಹುಲಕ.

ಮುಂಬಯಿಯ ಮಕ್ಕಳಿಗೆ ಭಾಷೆಯ ತೊಡಕೂ ಒಂದಿದೆ. ಮರಾಠಿ ಪಠ್ಯದಲ್ಲಿ 'ಮಧ್ಯ' ಎಂದರೆ ಸರಾಸರಿ, 'ಮಧ್ಯಕ' ಎಂದರೆ ನಮ್ಮ ಮಧ್ಯಾಂಕ. ಪಕ್ಕದ ಮನೆಯ ಗೆಳತಿಯೊಡನೆ ಕುಳಿತು ಓದುವ ಹುಡುಗಿಗೆ ಇದನ್ನು ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.

ಕೊನೆಗೆ ನಮ್ಮೂರಿನ ಮಳೆಯ ಲೆಕ್ಕವೊಂದನ್ನು ಕೊಡಿ. 2005ರ ಜುಲೈ 26ರಂದು ಆರಂಭವಾದ ಮಳೆ ಒಂದು ದಿನದ ಅವಧಿಯಲ್ಲಿ ಉಪನಗರದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ದಾಖಲಾಯಿತು, ದಕ್ಷಿಣ ಮುಂಬಯಿಯ ಕೊಲಾಬಾದಲ್ಲಿ ಸುಮಾರು 73 ಮಾತ್ರ. ಎರಡರ ಸರಾಸರಿ 508ರ ಆಸುಪಾಸು ಬರುತ್ತದೆ, ಆದರೆ ಅಷ್ಟು ಮಳೆ ಈ ಎರಡರಲ್ಲಿ ಯಾವ ಕಡೆಯೂ ಸುರಿಯಲಿಲ್ಲ. ಎರಡೇ ಅಂಕಿಗಳಿರುವುದರಿಂದ ಮಧ್ಯಾಂಕವೂ ಅದೇ ಆಗುತ್ತದೆ. ಆ ದಿನ ಉಪನಗರದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರ ಅನುಭವ ದಕ್ಷಿಣ ಮುಂಬಯಿಯವರ ಅನುಭವಕ್ಕಿಂತ ಎಷ್ಟು ಬೇರೆಯಾಗಿತ್ತು ಎಂಬುದನ್ನು ಈ ನಾಲ್ಕರಲ್ಲಿ ಯಾವುದು ತೋರಿಸುತ್ತದೆ ಎಂದು ಕೇಳಿ. 871 ಎಂಬ ವ್ಯಾಪ್ತಿಯನ್ನು ಅವಳೇ ಕಳೆದು ಹೇಳಲಿ.